ದಿಬ್ಬ ಇಳಿದು ಬರುವ ಕುದುರೆಗಳು: ಬ್ರೈಟ್ನರ್‌ನ ‘ಹಳದಿ ಸವಾರರು’ ಚಿತ್ರ ನೋಡುವುದು ಹೇಗೆ?

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ, ಹೆಬ್ಬೆಟ್ಟಿನಷ್ಟು ಗಾತ್ರದಲ್ಲಿ. ಕುದುರೆಗಳು, ಕಪ್ಪು ಟೋಪಿಗಳು, ಒಂದಿಷ್ಟು ಮಣ್ಣು. ‘ಯಾವುದೋ ಯುದ್ಧ ಇರಬೇಕು’ ಅಂದುಕೊಂಡು ಬೆರಳಾಡಿಸಿ ಮುಂದೆ ಹೋದೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅದರಲ್ಲಿ ಯುದ್ಧವೇ ಇಲ್ಲ. ಶತ್ರು ಇಲ್ಲ, ಗಾಯಾಳು ಇಲ್ಲ, ಹೊಗೆ ಇಲ್ಲ. ನೆದರ್ಲ್ಯಾಂಡ್ಸ್‌ನ ಕಡಲ ತೀರದ ಮರಳು ದಿಬ್ಬಗಳಲ್ಲಿ ಒಂದು ದಳ ತಾಲೀಮು ಮಾಡುತ್ತಿದೆ, ಅಷ್ಟೇ.

ಚಿತ್ರ ಬರೆದವನು ಜಾರ್ಜ್ ಹೆಂಡ್ರಿಕ್ ಬ್ರೈಟ್ನರ್. ಹೆಸರು ‘ಹಳದಿ ಸವಾರರು’. 1885–86ರ ಕೆಲಸ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಇದನ್ನು 1886ರಲ್ಲೇ ಕೊಂಡಿತು. ಆಗ ಚಿತ್ರಕಾರನಿಗೆ ಮೂವತ್ತೂ ತುಂಬಿರಲಿಲ್ಲ. ಮ್ಯೂಸಿಯಂ ಈಗಿನ ಕಟ್ಟಡಕ್ಕೆ ಬಂದು ಒಂದೇ ವರ್ಷ ಆಗಿತ್ತು.

ಕಲೆಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಅರ್ಧ ಗಂಟೆ ಬಿಡುವು ಬೇಕು. ಒಂದು ಟೇಪು, ಒಂದು ಸೀಮೆಸುಣ್ಣ, ಒಂದು ಪೆನ್ಸಿಲ್, ಎರಡು ಹಾಳೆ ಜೊತೆಗಿರಲಿ. ಫೋನಿಗಿಂತ ಕಂಪ್ಯೂಟರ್ ಒಳ್ಳೆಯದು. ಕಂಪ್ಯೂಟರ್ ಇಲ್ಲದಿದ್ದರೆ ಟಿವಿಗೆ ಜೋಡಿಸಿಕೊಂಡು ನೋಡಿ.

ಹೆಜ್ಜೆ 1: ಸರಿಯಾದ ಪ್ರತಿ ಹುಡುಕಿ

ಗೂಗಲ್‌ನಲ್ಲಿ ಹುಡುಕಿದರೆ ಈ ಚಿತ್ರದ ಹತ್ತಾರು ನಕಲು ಸಿಗುತ್ತವೆ. ಒಂದರಲ್ಲಿ ಮರಳು ಅರಿಶಿನದಂತೆ ಕಾಣುತ್ತದೆ, ಇನ್ನೊಂದರಲ್ಲಿ ಸಿಮೆಂಟಿನಂತೆ. ಪೋಸ್ಟರ್ ಮಾರುವವರು ಬಣ್ಣ ಏರಿಸಿರುತ್ತಾರೆ. ಅವನ್ನು ನಂಬಬೇಡಿ. ರೈಕ್ಸ್‌ಮ್ಯೂಸಿಯಂನ ಸ್ವಂತ ಜಾಲತಾಣಕ್ಕೇ ಹೋಗಿ. ಅಲ್ಲಿ ದೊಡ್ಡ ಗಾತ್ರದ ಚಿತ್ರ ಉಚಿತವಾಗಿ ಸಿಗುತ್ತದೆ, ಇಳಿಸಿಕೊಳ್ಳಲೂಬಹುದು. ಹೆಸರು ಟೈಪ್ ಮಾಡುವಾಗ ಕನ್ನಡದ ಉಚ್ಚಾರ ನಂಬಿಕೊಂಡರೆ ಎಡವಟ್ಟಾಗುತ್ತದೆ. ಅಕ್ಷರಗಳು ಹೀಗೆ: ಬಿ, ಆರ್, ಇ, ಐ, ಟಿ, ಎನ್, ಇ, ಆರ್.

ಚಿತ್ರ ಸಿಕ್ಕ ಕೂಡಲೇ ದೊಡ್ಡದು ಮಾಡಲು ಹೋಗಬೇಡಿ. ಅದಕ್ಕೆ ಆಮೇಲೆ ಸಮಯ ಇದೆ.

ಹೆಜ್ಜೆ 2: ಬಾಗಿಲ ಮೇಲೆ ಅಳತೆ ಹಾಕಿ

ಪರದೆಯ ಮೇಲೆ ಎಲ್ಲಾ ಚಿತ್ರಗಳೂ ಒಂದೇ ಗಾತ್ರ. ಅಂಚೆ ಚೀಟಿಯೂ ಅಷ್ಟೇ, ಗೋಡೆಯಗಲದ ಚಿತ್ರವೂ ಅಷ್ಟೇ. ಅದಕ್ಕೆ ಈ ಸಣ್ಣ ಕೆಲಸ ಮಾಡಿ. ‘ಹಳದಿ ಸವಾರರು’ 115 ಸೆಂಟಿಮೀಟರ್ ಎತ್ತರ, 77.5 ಸೆಂಟಿಮೀಟರ್ ಅಗಲ ಇದೆ. ನಿಮ್ಮ ಮನೆಯ ಕೋಣೆಯ ಬಾಗಿಲು ತೆಗೆದುಕೊಳ್ಳಿ. ಅಗಲ ಹೆಚ್ಚುಕಡಿಮೆ ಹೊಂದುತ್ತದೆ. ಎತ್ತರ ಬಾಗಿಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸೀಮೆಸುಣ್ಣದಿಂದ ಗೆರೆ ಹಾಕಿ, ಎದುರು ನಿಲ್ಲಿ.

ಈಗ ಒಂದು ವಿಷಯ ಹೊಳೆಯುತ್ತದೆ. ಇದು ನಿಲುವಾದ ಚಿತ್ರ. ಸೈನ್ಯ, ಕುದುರೆ, ಮೆರವಣಿಗೆ ಅಂದರೆ ಚಿತ್ರಕಾರರು ಸಾಮಾನ್ಯವಾಗಿ ಉದ್ದಕ್ಕೆ ಹಾಸಿ ಬರೆಯುತ್ತಾರೆ. ಸಾಲು ಉದ್ದ ಇರುತ್ತದೆ, ಅದಕ್ಕೆ ಕ್ಯಾನ್ವಾಸೂ ಉದ್ದ. ಬ್ರೈಟ್ನರ್ ಕ್ಯಾನ್ವಾಸನ್ನು ಎಬ್ಬಿಸಿ ನಿಲ್ಲಿಸಿದ್ದಾನೆ. ಸಾಲು ಎಡದಿಂದ ಬಲಕ್ಕೆ ಹೋಗುವುದಿಲ್ಲ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಬಾಗಿಲು ತೆರೆದಿದೆ, ಆ ಕಡೆಯಿಂದ ಒಂದು ಕುದುರೆ ಹಿಂಡು ನಿಮ್ಮ ಮನೆಯೊಳಗೇ ನುಗ್ಗುತ್ತಿದೆ ಅಂದುಕೊಳ್ಳಿ.

ಹೆಜ್ಜೆ 3: ಮರಳಿನಿಂದ ಶುರು ಮಾಡಿ

ಎಲ್ಲರ ಕಣ್ಣೂ ಮೊದಲು ಮುಖ ಹುಡುಕುತ್ತದೆ. ಯಾರು ನಾಯಕ, ಯಾರು ಚೆನ್ನಾಗಿದ್ದಾನೆ, ಯಾರ ಕೈಯಲ್ಲಿ ಕತ್ತಿ ಇದೆ ಅಂತ. ಈ ಚಿತ್ರದಲ್ಲಿ ಆ ದಾರಿ ಹಿಡಿದರೆ ಎರಡು ನಿಮಿಷಕ್ಕೆ ಬೇಜಾರಾಗುತ್ತದೆ. ಕಣ್ಣು ಮೂಗು ತಿದ್ದಿ ತೀಡಿ ಬರೆದ ಮುಖಗಳಿಗಾಗಿ ಮಾಡಿದ ಚಿತ್ರ ಇದಲ್ಲ. ಹಾಗಾಗಿ ತಿರುಗಾಮುರುಗಾ ನೋಡಿ. ಕೆಳಗಿನ ಅಂಚಿನಿಂದ ಶುರು ಮಾಡಿ.

ಕೆಳಗಿರುವುದು ಮರಳು. ಸವಾರರಿಗೂ ನಿಮಗೂ ನಡುವೆ ಬಿದ್ದಿರುವ ಜಾಗ. ಮೇಲುನೋಟಕ್ಕೆ ಖಾಲಿ. ಈಗ ಚಿತ್ರವನ್ನು ದೊಡ್ಡದು ಮಾಡಿ, ಬರೀ ಈ ಭಾಗ ತೆರೆಯಿರಿ. ಕುಂಚದ ಎಳೆತಗಳು ಕಾಣುತ್ತವೆ. ಎಲ್ಲಿ ಅಡ್ಡಕ್ಕೆ ಎಳೆದಿದ್ದಾನೆ, ಎಲ್ಲಿ ಓರೆಯಾಗಿ, ಎಲ್ಲಿ ಬಣ್ಣ ದಪ್ಪ, ಎಲ್ಲಿ ತೆಳು, ಒಂದೊಂದಾಗಿ ನೋಡಿ. ಎಷ್ಟು ಬಣ್ಣ ಇವೆ ಅಂತ ಎಣಿಸಿ. ‘ಮರಳಿನ ಬಣ್ಣ’ ಅನ್ನುವುದು ಒಂದೇ ಬಣ್ಣ ಅಲ್ಲ ಅಂತ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಮರಳಿನ ಕಣ ಕಣ ಬರೆಯುವ ಉಸಾಬರಿಗೆ ಆತ ಹೋಗಿಲ್ಲ. ಒರಟಾಗಿ ಬಳಿದಿದ್ದಾನೆ. ನುಣುಪಾಗಿ ತೀಡಿದ್ದರೆ ನೆಲ ನಿಂತಿರುತ್ತಿತ್ತು. ಒರಟಾಗಿ ಬಿಟ್ಟದ್ದರಿಂದ ಈಗಷ್ಟೇ ಯಾರೋ ತುಳಿದುಹೋದ ನೆಲದಂತಿದೆ.

ಈಗ ಕುದುರೆಗಳ ಕಾಲಿಗೆ ಬನ್ನಿ. ಒಂದು ಲೆಕ್ಕ ಮಾಡಿ: ಪೂರ್ತಿಯಾಗಿ ಬರೆದ ಗೊರಸುಗಳು ಎಷ್ಟು ಸಿಗುತ್ತವೆ? ಮುಂದಿನ ಕುದುರೆಗಳಲ್ಲಿ ಎಷ್ಟು, ಹಿಂದಿನವುಗಳಲ್ಲಿ ಎಷ್ಟು? ಕಾಲು ಎಲ್ಲಿ ಮುಗಿಯುತ್ತದೆ, ಮರಳು ಎಲ್ಲಿ ಶುರುವಾಗುತ್ತದೆ? ಪೆನ್ಸಿಲ್ ತುದಿ ಪರದೆಗೆ ತಾಗಿಸದೆ ಹಿಡಿದು ತೋರಿಸಲು ಪ್ರಯತ್ನಿಸಿ. ಕೆಲವು ಕಡೆ ಆ ಗೆರೆ ಸಿಗುವುದೇ ಕಷ್ಟ. ಒಣ ಮರಳಿನಲ್ಲಿ ಓಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಪೆಯಲ್ಲೋ ಕಾರವಾರದಲ್ಲೋ ನೀರಿನಿಂದ ದೂರ, ಒಣ ಮರಳಿನಲ್ಲಿ ನಾಲ್ಕು ಹೆಜ್ಜೆ ಓಡಿ ನೋಡಿ. ಕಾಲು ಹೂತು, ಪಕ್ಕಕ್ಕೆ ಜಾರಿ, ಮೊಣಕಾಲಿನವರೆಗೂ ಮರಳು ಹಾರುತ್ತದೆ. ಸುಮಾರು ಐನೂರು ಕಿಲೋ ತೂಗುವ ಕುದುರೆ, ಅದರ ಮೇಲೆ ಮನುಷ್ಯ, ತಡಿ, ಸಾಮಾನು. ಅದೂ ಇಳಿಜಾರಿನಲ್ಲಿ.

ಇಳಿಜಾರು ಅಂದೆನಲ್ಲ, ಅದನ್ನೂ ಪರೀಕ್ಷಿಸಿ. ಇಳಿಜಾರಿನಲ್ಲಿ ಕುದುರೆ ಓಡಿಸುವವನು ಆ ಕಾಲದ ರೂಢಿಯಂತೆ ಹಿಂದಕ್ಕೆ ವಾಲುತ್ತಿದ್ದ. ಇಲ್ಲದಿದ್ದರೆ ಕುದುರೆಯ ಕುತ್ತಿಗೆ ಮೇಲೆ ಬೀಳುವ ಭಯ. ಒಬ್ಬೊಬ್ಬ ಸವಾರನ ಬೆನ್ನು ಯಾವ ಕಡೆಗಿದೆ ನೋಡಿ. ಎಲ್ಲರೂ ಒಂದೇ ಥರ ಕೂತಿದ್ದಾರಾ? ಯಾರ ಲಗಾಮು ಬಿಗಿ, ಯಾರದ್ದು ಸಡಿಲ? ಮುಖ ನೋಡದೆಯೂ ಅವರ ಮನಸ್ಸಿನಲ್ಲಿ ಏನಿದೆ ಅಂತ ಇಲ್ಲಿ ಸ್ವಲ್ಪ ತಿಳಿಯುತ್ತದೆ.

ಕೊನೆಗೆ ಮೇಲಿನ ಅಂಚಿಗೆ ಹೋಗಿ. ಆಕಾಶಕ್ಕೆ ಎಷ್ಟು ಜಾಗ ಕೊಟ್ಟಿದ್ದಾನೆ? ಬೆರಳಿನಲ್ಲಿ ಅಳೆಯಿರಿ. ಡಚ್ ಚಿತ್ರಗಳಲ್ಲಿ ಆಕಾಶ ಅಂದರೆ ಧಾರಾಳ. ಚಪ್ಪಟೆ ನಾಡು, ಎಲ್ಲಿ ನೋಡಿದರೂ ಮೋಡ. ಎಷ್ಟೋ ಚಿತ್ರಗಳಲ್ಲಿ ಮುಕ್ಕಾಲು ಪಾಲು ಆಕಾಶವೇ. ಬ್ರೈಟ್ನರ್ ಅದನ್ನು ಒಂದು ಪಟ್ಟಿಯಷ್ಟಕ್ಕೆ ಇಳಿಸಿದ್ದಾನೆ. ಉಸಿರಾಡಲು ಜಾಗ ಬಿಟ್ಟಿಲ್ಲ. ನನಗೆ ಈ ಚಿತ್ರದಲ್ಲಿ ತುಂಬಾ ಹಿಡಿಸುವ ಧೈರ್ಯ ಇದೇ.

ಹೆಜ್ಜೆ 4: ಎದುರಿನಿಂದ ಬರುವ ಕುದುರೆ ಯಾಕೆ ಕಷ್ಟ?

ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕುದುರೆ ನೋಡಿರುತ್ತೀರಿ. ಹೆಚ್ಚಾಗಿ ಪಕ್ಕದಿಂದಲೇ ಕೆತ್ತಿರುತ್ತಾರೆ. ಉದ್ದ ಬೆನ್ನು, ನಾಲ್ಕು ಕಾಲು, ಬಾಲ, ಕುತ್ತಿಗೆ ಎಲ್ಲಾ ಸ್ಪಷ್ಟ. ಪಕ್ಕದಿಂದ ನೋಡಿದರೆ ಕುದುರೆ ಅಂತ ಮಗುವಿಗೂ ಗೊತ್ತಾಗುತ್ತದೆ.

ಎದುರಿನಿಂದ ನೋಡಿದರೆ ಕಥೆಯೇ ಬೇರೆ. ಉದ್ದ ಬೆನ್ನು ಮಾಯ. ಕುತ್ತಿಗೆ ಮೊಟಕು. ಕಾಣುವುದು ಒಂದು ತಲೆ, ಎರಡು ಕಿವಿ, ಅಗಲ ಎದೆ, ಎರಡು ಮುಂಗಾಲು. ಮಿಕ್ಕದ್ದು ಅದರ ಹಿಂದೆ ಎಲ್ಲೋ ಇದೆ ಅಂತ ನೋಡುವವನು ನಂಬಬೇಕು. ಸ್ವಲ್ಪ ತಪ್ಪಿದರೂ ಕುದುರೆ ಕತ್ತೆಯಾಗುತ್ತದೆ, ಇಲ್ಲವೇ ಮೇಜಾಗುತ್ತದೆ. ಸುಮ್ನೆ ಒಂದು ಸಲ ನೀವೇ ಬರೆದು ನೋಡಿ, ಗೊತ್ತಾಗುತ್ತದೆ. ಇಲ್ಲಿ ಒಂದಲ್ಲ, ಹಿಂಡೇ ಇದೆ. ಒಂದರ ಹಿಂದೆ ಒಂದು ಸೇರಿಕೊಂಡಿವೆ.

ಆ ಕಾಲದ ಚಿತ್ರಕಾರರಿಗೆ ಇನ್ನೊಂದು ತಲೆನೋವೂ ಇತ್ತು. ನಾಗಾಲೋಟದ ಕುದುರೆಯ ಕಾಲು ಹೇಗಿರುತ್ತವೆ? ನೂರಾರು ವರ್ಷ ಎಲ್ಲರೂ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಮರದ ಆಟದ ಕುದುರೆಯಂತೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಅಲ್ಲಿಂದ ಹಳೆಯ ಚಿತ್ರಗಳೆಲ್ಲ ಸ್ವಲ್ಪ ನಗೆಪಾಟಲಾದವು.

ಎದುರಿನಿಂದ ಬರೆದರೆ ಈ ಜಗಳವೇ ಇಲ್ಲ. ಹಿಂಗಾಲು ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಬ್ರೈಟ್ನರ್ ಅದಕ್ಕೇ ಹೀಗೆ ಬರೆದ ಅಂತ ನಾನು ಹೇಳುತ್ತಿಲ್ಲ. ಆದರೆ ಓಟವನ್ನು ಕಾಲಿನಲ್ಲಿ ತೋರಿಸದೆ ಹಿಂಡಿನ ಭಾರದಲ್ಲಿ ತೋರಿಸಿದ್ದು ಚುರುಕು ಬುದ್ಧಿ, ಅಲ್ವಾ?

ಹೆಜ್ಜೆ 5: ಹಳದಿಯನ್ನು ಹುಡುಕಿ

ಹೆಸರು ಓದಿ ಬಂದವರಿಗೆ ಇಲ್ಲಿ ನಿರಾಸೆ ಆಗಬಹುದು. ಹಳದಿ ಸವಾರರು ಅಂದರೆ ಮೈತುಂಬಾ ಹಳದಿ ಬಟ್ಟೆ ಅಲ್ಲ. ಸಮವಸ್ತ್ರ ಕಡು ಬಣ್ಣದ್ದು. ಎದೆಯ ಮೇಲೆ ಅಡ್ಡಡ್ಡಲಾಗಿ ಹೊಲಿದ ಹುರಿ ಮಾತ್ರ ಹಳದಿ. ನಮ್ಮ ಮದುವೆ ಬ್ಯಾಂಡ್‌ಸೆಟ್‌ನವರ ಕೋಟಿನ ಎದೆ ಮೇಲೆ ಸಾಲು ಸಾಲು ಹುರಿ ಇರುತ್ತದಲ್ಲ, ಅದೇ ಜಾತಿಯದು. ಬ್ಯಾಂಡ್‌ನವರು ಅದನ್ನು ಎತ್ತಿಕೊಂಡದ್ದೇ ಇಂಥ ಯುರೋಪಿನ ಸೈನ್ಯದ ಅಂಗಿಯಿಂದ. ತಲೆ ಮೇಲೆ ಎತ್ತರದ ಕಪ್ಪು ತುಪ್ಪಳದ ಟೋಪಿ.

ಇವರು ಬರೀ ಕುದುರೆ ಸವಾರರಲ್ಲ. ಕುದುರೆ ತೋಪಿನ (ಅಂದರೆ ಫಿರಂಗಿಯ) ದಳದವರು. ಆ ದಳ ಶುರುವಾದದ್ದು 1793ರಲ್ಲಿ. ಮಾಮೂಲಿ ತೋಪಿನ ದಳದಲ್ಲಿ ಕುದುರೆ ತೋಪನ್ನು ಎಳೆದರೆ, ಸಿಪಾಯಿಗಳು ಪಕ್ಕದಲ್ಲಿ ನಡೆಯಬೇಕಿತ್ತು ಅಥವಾ ಗಾಡಿ ಮೇಲೆ ಕೂರಬೇಕಿತ್ತು. ಕುದುರೆ ತೋಪಿನ ದಳದಲ್ಲಿ ಎಲ್ಲರಿಗೂ ಒಂದೊಂದು ಕುದುರೆ. ಕಾರಣ ಸರಳ. ಅಶ್ವದಳ ಓಡಿದಷ್ಟೇ ವೇಗದಲ್ಲಿ ತೋಪೂ ಓಡಬೇಕು. ಅದಕ್ಕೇ ಈ ಜನಕ್ಕೆ ಎಂಥ ನೆಲದಲ್ಲೂ ಹುಚ್ಚು ವೇಗದಲ್ಲಿ ಹೋಗುವ ಅಭ್ಯಾಸ ಬೇಕಿತ್ತು. ಅಂಥ ಅಭ್ಯಾಸಕ್ಕೆ ಜಾರುವ ಮರಳು ದಿಬ್ಬಕ್ಕಿಂತ ಕಠಿಣ ಮೈದಾನ ಬೇಕೇ? ಚಿತ್ರದಲ್ಲಿ ತೋಪು ಎಲ್ಲಾದರೂ ಕಣ್ಣಿಗೆ ಬೀಳುತ್ತದಾ ನೋಡಿ.

ಈಗ ಒಂದು ಕಿತಾಪತಿ ಮಾಡಿ. ಇಳಿಸಿಕೊಂಡ ಚಿತ್ರವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿ. ಹುರಿ ಎಷ್ಟು ಬೆಳ್ಳಗೆ ಕಾಣುತ್ತದೆ? ಮರಳು ಎಷ್ಟು ಬೆಳ್ಳಗೆ? ಇವೆರಡರ ನಡುವೆ ಎಷ್ಟು ಅಂತರ ಇದೆ? ಮತ್ತೆ ಬಣ್ಣಕ್ಕೆ ತಿರುಗಿಸಿ. ಹುರಿಯ ಹಳದಿ, ಮರಳಿನ ಹಳದಿ ಒಂದಕ್ಕೊಂದು ನೆಂಟರು. ಕಡು ಅಂಗಿ, ಕಪ್ಪು ಟೋಪಿ, ಕುದುರೆ ಮೈ ಎಲ್ಲಾ ಒಂದು ಮುದ್ದೆ. ಆ ಮುದ್ದೆಯ ಮೇಲೆ ಹಳದಿ ಚುಕ್ಕೆ ಚುಕ್ಕೆಯಾಗಿ ಮಿಂಚುತ್ತದೆ. ಆ ಮಿಂಚನ್ನು ಒಂದರಿಂದ ಒಂದಕ್ಕೆ ಹಿಡಿದುಕೊಂಡು ಹೋದರೆ ಕಣ್ಣು ತಾನಾಗಿ ದಿಬ್ಬ ಹತ್ತುತ್ತದೆ, ಇಳಿಯುತ್ತದೆ.

ಹೆಜ್ಜೆ 6: ಯುದ್ಧ ಹುಡುಕುವುದನ್ನು ಬಿಡಿ

ಇದು ನಾನು ಎಡವಿದ ಜಾಗ. ಸ್ವಲ್ಪ ನಿಂತು ಹೇಳುತ್ತೇನೆ.

ಈ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರ ತೆರೆಯಿರಿ. ಇಂಗ್ಲೆಂಡಿನ ಎಲಿಜಬೆತ್ ಥಾಂಪ್ಸನ್, ಅಂದರೆ ಲೇಡಿ ಬಟ್ಲರ್, 1881ರಲ್ಲಿ ಬರೆದ ‘ಸ್ಕಾಟ್ಲೆಂಡ್ ಫಾರೆವರ್’. 1815ರ ವಾಟರ್ಲೂ ಯುದ್ಧದಲ್ಲಿ ಬಿಳಿ ಕುದುರೆಗಳ ದಳವೊಂದು ನೋಡುವವರ ಮೇಲೇ ನುಗ್ಗುವ ದೃಶ್ಯ. ಈಗ ಅದು ಲೀಡ್ಸ್ ನಗರದ ಗ್ಯಾಲರಿಯಲ್ಲಿದೆ. ಅಲ್ಲೂ ಕುದುರೆ ಎದುರಿನಿಂದಲೇ ಬರುತ್ತವೆ. ಆದರೆ ಅಲ್ಲಿ ಬಾಯಿ ತೆರೆದ ಮುಖಗಳಿವೆ, ಎತ್ತಿದ ಕತ್ತಿ ಇದೆ, ಗುಂಡು ತಗುಲಿದವನೂ ಇದ್ದಾನೆ.

ಸ್ವಾರಸ್ಯ ಏನೆಂದರೆ ಆಕೆಯೂ ಯುದ್ಧ ಕಂಡವಳಲ್ಲ. ಆ ದಳ ತಾಲೀಮು ಮಾಡುವಾಗ ಅನುಮತಿ ಪಡೆದು, ನುಗ್ಗಿ ಬರುವ ಕುದುರೆಗಳ ಎದುರು ನಿಂತು ಗಮನಿಸಿದ್ದಳು. ಇಬ್ಬರೂ ಕಂಡದ್ದು ತಾಲೀಮನ್ನೇ. ಆಕೆ ಅದನ್ನು ಅರವತ್ತಾರು ವರ್ಷ ಹಿಂದಕ್ಕೆ ಒಯ್ದು ಯುದ್ಧ ಮಾಡಿದಳು. ಬ್ರೈಟ್ನರ್ ತಾಲೀಮನ್ನು ತಾಲೀಮಾಗಿಯೇ ಬಿಟ್ಟ. ನನ್ನ ಓಟು ಬ್ರೈಟ್ನರ್‌ಗೆ. ಆಕೆಯ ಚಿತ್ರ ಒಂದು ಸಲ ಬೆಚ್ಚಿಬೀಳಿಸುತ್ತದೆ, ಆಮೇಲೆ ಮುಖಗಳ ಅಬ್ಬರ ಸಾಕೆನಿಸುತ್ತದೆ. ಇವನದ್ದು ಮತ್ತೆ ಮತ್ತೆ ಕರೆಯುತ್ತದೆ.

ಡಚ್ಚರ ನಾಡಿನಲ್ಲಿ ಆಗ ಯುದ್ಧ ಇರಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಲ್ಜಿಯಂ ಜೊತೆಗಿನ ತಂಟೆ 1839ರಲ್ಲಿ ಇತ್ಯರ್ಥವಾದ ಮೇಲೆ, 1940ರ ಮೇ ತಿಂಗಳಲ್ಲಿ ಜರ್ಮನಿ ನುಗ್ಗುವವರೆಗೆ, ಆ ದೇಶದ ನೆಲದಲ್ಲಿ ಯುದ್ಧ ನಡೆಯಲಿಲ್ಲ. ನೂರು ವರ್ಷ ಸೈನ್ಯ ಇದ್ದದ್ದು ಕವಾಯತಿಗೆ. ಹೊಳೆಯುವ ಗುಂಡಿ, ತಿಕ್ಕಿದ ತಡಿ, ದಿಬ್ಬ ಹತ್ತು, ದಿಬ್ಬ ಇಳಿ.

ಆದರೆ ಶಾಂತಿ ಮನೆಯಲ್ಲಿ ಮಾತ್ರ. ಅದೇ ವರ್ಷಗಳಲ್ಲಿ ಡಚ್ ವಸಾಹತು ಸೈನ್ಯ ಈಗಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ‘ಅಚೆಹ್’ ಅನ್ನುವ ಪ್ರದೇಶದಲ್ಲಿ ಹೊಡೆದಾಡುತ್ತಿತ್ತು. 1873ರಲ್ಲಿ ಶುರುವಾದ ಆ ಯುದ್ಧ ದಶಕಗಟ್ಟಲೆ ಎಳೆಯಿತು, ಸಾವಿರಾರು ಜನ ಸತ್ತರು. ಬ್ರೈಟ್ನರ್‌ಗಿಂತ ಚಿಕ್ಕವನಾದ ಐಸಾಕ್ ಇಸ್ರಾಯೆಲ್ಸ್ 1883–84ರಲ್ಲಿ ಒಂದು ಚಿತ್ರ ಬರೆದ. ಆ ವಸಾಹತುಗಳಿಗೆ ಹೊರಟ ಸಿಪಾಯಿಗಳನ್ನು ರಾಟರ್‌ಡ್ಯಾಮ್‌ನ ಬೀದಿಯಲ್ಲಿ ಸಾಗಿಸುವ ದೃಶ್ಯ. ಅದರಲ್ಲಿ ಕುದುರೆಯ ಠೀವಿ ಇಲ್ಲ, ಹಳದಿ ಹುರಿಯ ಮಿಂಚೂ ಇಲ್ಲ. ಎರಡನ್ನೂ ಒಂದೇ ದಿನ ನೋಡಿ. ನಮ್ಮ ನೆಲವನ್ನೂ ಇಂಥದೇ ಅಂಗಿ ತೊಟ್ಟ ಸೈನ್ಯಗಳು ಆಳಿದ್ದರಿಂದಲೋ ಏನೋ, ನನಗೆ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ.

ಹೆಜ್ಜೆ 7: ಬರೆದವನ ಬಗ್ಗೆ, ಬೇಕಾದಷ್ಟು ಮಾತ್ರ

ಬ್ರೈಟ್ನರ್ ಹುಟ್ಟಿದ್ದು 1857ರಲ್ಲಿ, ರಾಟರ್‌ಡ್ಯಾಮ್‌ನಲ್ಲಿ. ಚಿಕ್ಕಂದಿನಿಂದ ಕುದುರೆ, ಸಿಪಾಯಿಗಳ ಹುಚ್ಚು. 1876ರಲ್ಲಿ ದಿ ಹೇಗ್‌ನ ಕಲಾ ಅಕಾಡೆಮಿ ಸೇರಿದ. ಜಾಣ ವಿದ್ಯಾರ್ಥಿ, ಮುಂಗೋಪಿ. ನಿಯಮಗಳನ್ನು ಬರೆದ ಬೋರ್ಡು ಹಾಳು ಮಾಡಿದ್ದಕ್ಕೆ 1880ರಲ್ಲಿ ಅಕಾಡೆಮಿ ಅವನನ್ನು ಹೊರಹಾಕಿತು. 1882ರಲ್ಲಿ ಇನ್ನೂ ಹೆಸರಿಲ್ಲದ ವಿನ್ಸೆಂಟ್ ವ್ಯಾನ್ ಗೋ ಜೊತೆ ಅದೇ ಊರಿನ ಬಡ ಕೇರಿಗಳಲ್ಲಿ ಅಡ್ಡಾಡಿ, ಬೀದಿಯ ಜನರನ್ನು ಬರೆದ. 1884ರಲ್ಲಿ ಪ್ಯಾರಿಸ್‌ಗೆ ಹೋಗಿ ಬಂದ. 1886ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ನೆಲೆಸಿದ. ತೀರಿಕೊಂಡದ್ದು 1923ರಲ್ಲಿ.

ಆಮ್‌ಸ್ಟರ್‌ಡ್ಯಾಮ್‌ಗೆ ಬಂದ ಮೇಲೂ ಕುದುರೆ ಅವನನ್ನು ಬಿಡಲಿಲ್ಲ. ಆದರೆ ಅವು ಬೇರೆ ಕುದುರೆಗಳು. ಕಟ್ಟಡದ ಮಣ್ಣು ಹೊರುವ ಗಾಡಿಯವು, ಟ್ರಾಮ್ ಎಳೆಯುವವು, ಮಳೆಯಲ್ಲಿ ನೆನೆದು ನಿಂತವು. ಮುಂದೆ ಕ್ಯಾಮೆರಾ ಹಿಡಿದು ಆ ಬೀದಿಗಳ ರಾಶಿ ಫೋಟೋಗಳನ್ನೂ ತೆಗೆದ. ಅವನ್ನು ಒಮ್ಮೆ ನೋಡಿ. ಸಮವಸ್ತ್ರ ಕಳಚಿದ ಮೇಲೆ ಕುದುರೆಯ ಪಾಡು ಏನು ಅಂತ ಕಾಣುತ್ತದೆ.

ಹೆಜ್ಜೆ 8: ಇನ್ನೊಂದು ಚಿತ್ರ ಪಕ್ಕಕ್ಕಿಡಿ

ಅದೇ ರೈಕ್ಸ್‌ಮ್ಯೂಸಿಯಂನಲ್ಲಿ ಆಂಟನ್ ಮೌವೆ 1876ರಲ್ಲಿ ಬರೆದ ‘ಕಡಲ ತೀರದಲ್ಲಿ ಬೆಳಗಿನ ಸವಾರಿ’ ಇದೆ. ಇವರು ಸಿಪಾಯಿಗಳಲ್ಲ, ಉಳ್ಳವರು. ಇಲ್ಲೂ ಮರಳು ದಿಬ್ಬ, ಇಲ್ಲೂ ಇಳಿಜಾರು. ಆದರೆ ಸವಾರರು ನಮಗೆ ಬೆನ್ನು ಹಾಕಿ, ನಿಧಾನಕ್ಕೆ ಕಡಲ ಕಡೆಗೆ ಇಳಿಯುತ್ತಿದ್ದಾರೆ. ಚಿತ್ರ ಚಿಕ್ಕದು, 43.7 ಬೈ 68.6 ಸೆಂಟಿಮೀಟರ್. ಬ್ರೈಟ್ನರ್ ಎದುರಿನಿಂದ ನುಗ್ಗಿಸಿದರೆ ಮೌವೆ ಹಿಂದಿನಿಂದ ಕಳಿಸಿಕೊಡುತ್ತಾನೆ. ಒಂದಾದ ಮೇಲೆ ಒಂದು ನೋಡಿದರೆ, ಎಲ್ಲಿ ನಿಂತು ನೋಡುತ್ತೇವೆ ಅನ್ನುವುದರಿಂದಲೇ ಚಿತ್ರ ಎಷ್ಟು ಬದಲಾಗುತ್ತದೆ ಅಂತ ತಿಳಿಯುತ್ತದೆ.

ಮೌವೆಯ ಚಿತ್ರಕ್ಕೆ ಒಂದು ತಮಾಷೆಯ ಕಥೆ ಇದೆ. ಮುಂಭಾಗದ ಮರಳಿನಲ್ಲಿ ಆತ ಕುದುರೆ ಲದ್ದಿಯನ್ನೂ ಬರೆದಿದ್ದ. ಕುದುರೆ ಹೋದ ದಾರಿ, ಲದ್ದಿ ಇರದೆ ಇರುತ್ತದಾ? ಆಮೇಲೆ ಯಾರಿಗೋ ಅದು ಮುಜುಗರ ಅನ್ನಿಸಿ ಮೇಲೆ ಬಣ್ಣ ಬಳಿಸಿಬಿಟ್ಟರು. ಮ್ಯೂಸಿಯಂನವರು ಚಿತ್ರ ಸ್ವಚ್ಛ ಮಾಡುವಾಗ ಆ ಬಣ್ಣ ತೆಗೆದರು, ಲದ್ದಿ ಮತ್ತೆ ಬೆಳಕಿಗೆ ಬಂತು. ಪರದೆಯ ಮೇಲೆ ಹುಡುಕಿ, ಸಿಗುತ್ತದೆ.

ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ ಹಾರ್ಲೆಮ್‌ನ ಫಿಲಿಪ್ಸ್ ವಾವರ್ಮನ್ ಇದ್ದಾನೆ. ಕಾಲ 1619ರಿಂದ 1668. ಸೈನ್ಯದ ಬಿಡಾರ, ಲಾಳ ಕಟ್ಟುವವರು, ನೀರು ಕುಡಿಯುವ ಕುದುರೆಗಳು ಅವನ ಬಂಡವಾಳ. ಅವನ ಬಹಳಷ್ಟು ಚಿತ್ರಗಳಲ್ಲಿ ಒಂದು ಬಿಳಿ ಕುದುರೆ ಇದ್ದೇ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬಿಳಿ ಕುದುರೆ ಹುಡುಕುವ ಆಟ ಆಡಿಸಿ.

ಹೆಜ್ಜೆ 9: ಗೀಚಿ

ಚೆನ್ನಾಗಿ ಬರೆಯಬೇಕಾಗಿಲ್ಲ. ಯಾರಿಗೂ ತೋರಿಸುವುದೂ ಬೇಡ. ಚಿತ್ರವನ್ನು ತಲೆಕೆಳಗಾಗಿ ತಿರುಗಿಸಿ. ಕಣ್ಣು ಅರೆಮುಚ್ಚಿ ನೋಡಿ. ಕಡು ಭಾಗ ಎಲ್ಲಿ, ತಿಳಿ ಭಾಗ ಎಲ್ಲಿ, ಅಷ್ಟನ್ನೇ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಐದು ನಿಮಿಷ ಸಾಕು. ಕುದುರೆ, ಮನುಷ್ಯ, ಟೋಪಿ ಅಂತ ಯೋಚಿಸಬೇಡಿ. ಆಮೇಲೆ ಹಾಳೆಯನ್ನು ನೇರ ಮಾಡಿ. ಒಂದು ಕಪ್ಪು ಮುದ್ದೆ ಮೇಲಿನಿಂದ ಕೆಳಕ್ಕೆ ಜಾರುತ್ತಿರುವುದು ಕಂಡರೆ ನೀವು ಚಿತ್ರವನ್ನು ಹಿಡಿದಿರಿ.

ಎರಡನೇ ಹಾಳೆಯಲ್ಲಿ ಎದುರಿನಿಂದ ಬರುವ ಒಂದೇ ಒಂದು ಕುದುರೆ ಬರೆಯಿರಿ, ಈ ಸಲ ಚಿತ್ರ ನೋಡದೆ. ನನ್ನದು ಮೊದಲ ಸಲ ಬೂಟು ಹಾಕಿದ ಮೇಕೆಯಂತೆ ಬಂತು. ನಿಮ್ಮದು ಹೇಗೇ ಬರಲಿ, ಮತ್ತೆ ಬ್ರೈಟ್ನರ್ ಕಡೆ ತಿರುಗಿದಾಗ ಮುಂದಿನ ಕುದುರೆಯ ಎದೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತೀರಿ.

ಅಲ್ಲಿಗೇ ಹೋಗುವುದಾದರೆ

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರೂ ಇದ್ದಾರೆ. ಹೆಚ್ಚಿನವರು ಟ್ಯುಲಿಪ್ ತೋಟ, ಗಾಳಿಯಂತ್ರ, ಕಾಲುವೆ ದೋಣಿ ಮುಗಿಸಿ ವಾಪಸಾಗುತ್ತಾರೆ. ಒಂದು ದಿನ ಉಳಿಸಿಕೊಳ್ಳಿ.

ರೈಕ್ಸ್‌ಮ್ಯೂಸಿಯಂ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆಯಿರಿ. ಚಿತ್ರಗಳ ಜಾಗ ಆಗಾಗ ಬದಲಾಗುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ಪ್ರದರ್ಶನಕ್ಕೂ ಹೋಗುತ್ತವೆ. ಹಾಗಾಗಿ ಹೊರಡುವ ಮುಂಚೆ ಜಾಲತಾಣದಲ್ಲಿ ಚಿತ್ರ ಈಗ ಗೋಡೆ ಮೇಲಿದೆಯಾ ಅಂತ ನೋಡಿಕೊಳ್ಳಿ. ಒಳಗೆ ಹೋದವರೆಲ್ಲ ರೆಂಬ್ರಾಂಟ್ ಕಡೆಗೆ ಓಡುತ್ತಾರೆ. ನೀವು ಆ ಹೊತ್ತಿಗೆ ಹತ್ತೊಂಬತ್ತನೇ ಶತಮಾನದ ಕೋಣೆಗಳಿಗೆ ಹೋಗಿ. ಚಿತ್ರದಿಂದ ಐದಾರು ಹೆಜ್ಜೆ ದೂರ ನಿಂತು, ಒಂದು ನಿಮಿಷ ಫೋನ್ ತೆಗೆಯದೆ ನೋಡಿ. ಆಮೇಲೆ ನಿಧಾನಕ್ಕೆ ಹತ್ತಿರ ಹೋಗಿ. ಎಷ್ಟನೇ ಹೆಜ್ಜೆಗೆ ಕುದುರೆ ಕರಗಿ ಬರೀ ಬಣ್ಣ ಆಗುತ್ತದೆ ಅಂತ ಗುರುತು ಹಾಕಿಕೊಳ್ಳಿ. ಹಿಂದಕ್ಕೆ ಬನ್ನಿ, ಮತ್ತೆ ಕುದುರೆ. ಈ ಆಟ ಪರದೆಯಲ್ಲಿ ಆಗುವುದಿಲ್ಲ.

ಅಲ್ಲಿಂದ ದಿ ಹೇಗ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಜೀಸ್ಟ್ರಾಟ್ ಅನ್ನುವ ಬೀದಿಯಲ್ಲಿ ಮೆಸ್ದಾಗ್ ಪನೋರಮಾ ಇದೆ. ಅದು ಸುತ್ತಲೂ ಹಾಸಿದ ಒಂದೇ ಚಿತ್ರ: 14 ಮೀಟರ್ ಎತ್ತರ, ಸುತ್ತಳತೆ 120 ಮೀಟರ್. ಹೆಂಡ್ರಿಕ್ ವಿಲೆಮ್ ಮೆಸ್ದಾಗ್ ಮತ್ತು ಸಂಗಡಿಗರು 1881ರಲ್ಲಿ ನಾಲ್ಕೇ ತಿಂಗಳಲ್ಲಿ ಮುಗಿಸಿದರು. ಮೆಟ್ಟಿಲು ಹತ್ತಿ ಮೇಲೆ ಹೋದರೆ ನೀವು ಒಂದು ಮರಳು ದಿಬ್ಬದ ನೆತ್ತಿಯಲ್ಲಿರುತ್ತೀರಿ. ಸುತ್ತಲೂ ಸ್ಖೇವನಿಂಗನ್ ಅನ್ನುವ ಮೀನುಗಾರರ ಹಳ್ಳಿ, ಕಡಲು, ದೋಣಿ. ಕಾಲ ಬುಡದಲ್ಲಿ ನಿಜವಾದ ಮರಳು. ಆ ತೀರದಲ್ಲಿ ಒಂದು ಕುದುರೆ ದಳ ಕವಾಯತು ಮಾಡುತ್ತಿದೆ, ಹುಡುಕಿ. ಅದನ್ನು ಬರೆದವನು ಇಪ್ಪತ್ನಾಲ್ಕೂ ತುಂಬದ ಬ್ರೈಟ್ನರ್. ಅಷ್ಟಗಲ ಕ್ಯಾನ್ವಾಸಿನಲ್ಲಿ ಅವು ಇರುವೆ ಸಾಲಿನಂತೆ ಕಾಣುತ್ತವೆ. ನಾಲ್ಕೈದು ವರ್ಷಗಳಲ್ಲಿ ಅದೇ ಹುಡುಗ ಅವನ್ನು ಎಷ್ಟು ಹತ್ತಿರಕ್ಕೆ ಎಳೆದು ತಂದ ನೋಡಿ.

ಪ್ರವಾಸ ಸೆಪ್ಟೆಂಬರಿನಲ್ಲಿದ್ದರೆ ಇನ್ನೊಂದು ಅದೃಷ್ಟ. ಆ ತಿಂಗಳ ಮೂರನೇ ಮಂಗಳವಾರ ಡಚ್ ರಾಜ ಸಂಸತ್ತಿನ ಅಧಿವೇಶನಕ್ಕೆ ಚಾಲನೆ ಕೊಡುತ್ತಾರೆ. ಮೆರವಣಿಗೆಗೆ ಕುದುರೆ ದಳದ ಬೆಂಗಾವಲು. ಹಿಂದಿನ ದಿನ, ಸೋಮವಾರ, ಆ ಕುದುರೆಗಳಿಗೆ ಸ್ಖೇವನಿಂಗನ್ ಕಡಲ ತೀರದಲ್ಲಿ ತಾಲೀಮು. ಜನರ ಗದ್ದಲಕ್ಕೆ ಬೆದರಬಾರದು ಅಂತ ಹೊಗೆ ಬಿಡುತ್ತಾರೆ, ಗುಂಡಿನ ಸದ್ದು ಮಾಡುತ್ತಾರೆ, ವಾದ್ಯ ಬಾರಿಸುತ್ತಾರೆ. ಯಾರು ಬೇಕಾದರೂ ನಿಂತು ನೋಡಬಹುದು. ದಿ ಹೇಗ್‌ನಿಂದ 1 ಅಥವಾ 9ನೇ ನಂಬರಿನ ಟ್ರಾಮ್ ಹಿಡಿದರೆ ಸಾಕು. ಸಮಯವನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಗಾಳಿ ಜೋರಾಗಿರುತ್ತದೆ, ಬೆಚ್ಚನೆಯ ಕೋಟು ಇರಲಿ. ಕ್ಯಾಮೆರಾಕ್ಕೆ ಮರಳು ಹೋಗದಂತೆ ಒಂದು ಪ್ಲಾಸ್ಟಿಕ್ ಚೀಲವೂ ಬೇಕು. ಪಕ್ಕದಲ್ಲಿ ನಿಲ್ಲಿ. ಬ್ರೈಟ್ನರ್ ಚಿತ್ರದಂಥ ಫೋಟೋ ಬೇಕು ಅಂತ ಮಾತ್ರ ಕುದುರೆಗಳ ಎದುರಿಗೆ ಹೋಗಬೇಡಿ.